ಟವೆಲ್ಲಿನ ಕೆಳಗೆ ಕೊಟ್ಟ ಕೈ

ನನ್ನ ತಂದೆ, ನಮ್ಮ ಅಬ್ಬಾ, ಒಂದು ಬೆಲೆಯನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಚಿಕ್ಕಂದಿನಲ್ಲಿ ಕೇಳಿಯೇ ಇರಲಿಲ್ಲ. ಅವರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿನ ದಲ್ಲಾಳಿ. ರೇಷ್ಮೆಗೂಡೇನೋ ಸರ್ಕಾರಿ ಮಾರುಕಟ್ಟೆಯಲ್ಲಿ ಎಲ್ಲರೆದುರು ಕೂಗಿ ಹರಾಜಾಗುತ್ತಿತ್ತು. ನೂಲಿನ ದಾರಿ ಬೇರೆ. ನಮ್ಮ ಗಲ್ಲಿಯಲ್ಲಿ ಮನೆಮನೆಯಲ್ಲೂ ಗೂಡು ಬೇಯಿಸಿ, ಚರಕದಲ್ಲಿ ನೂಲು ಬಿಚ್ಚುತ್ತಿದ್ದರು. ಆ ನೂಲು ಕೊಳ್ಳಲು ಚಿಂತಾಮಣಿಯಿಂದಲೋ ಬೆಂಗಳೂರಿನಿಂದಲೋ ವ್ಯಾಪಾರಿ ಬಂದರೆ, ಅಬ್ಬಾ ಹೆಗಲ ಮೇಲಿನ ಟವೆಲ್ಲು ತೆಗೆದು ಬಲಗೈ ಮೇಲೆ ಇಳಿಬಿಟ್ಟುಕೊಳ್ಳುತ್ತಿದ್ದರು. ವ್ಯಾಪಾರಿಯ ಕೈ ಅದರ ಕೆಳಗೆ ಹೋಗುತ್ತಿತ್ತು. ಬೆರಳು ಹಿಡಿದರೆ ಒಂದು ಲೆಕ್ಕ, ಗೆಣ್ಣು ಒತ್ತಿದರೆ ಇನ್ನೊಂದು. ಮೇಲೆ ಇಬ್ಬರೂ ಮಳೆ ಬೆಳೆ ಮಾತಾಡಿಕೊಂಡು ನಗುತ್ತಿರುತ್ತಿದ್ದರು, ಕೆಳಗೆ ಜಗ್ಗಾಟ ನಡೆಯುತ್ತಿತ್ತು. ಆಮೇಲೆ ನೂಲು ಬಿಚ್ಚಿದವರ ಕೈಯೂ ಹೀಗೇ ಟವೆಲ್ಲಿನ ಕೆಳಗೆ ಹೋಗುತ್ತಿತ್ತು. ಕೊನೆಗೆ ಅಂಗೈಗೆ ಅಂಗೈ ಒತ್ತಿದರೆ ವ್ಯಾಪಾರ ಮುಗಿಯಿತು. ಮಾರನೆಯ ದಿನ ಪೇಟೆ ಏರಲಿ, ಬಿದ್ದುಹೋಗಲಿ, ಒತ್ತಿದ ಕೈಯನ್ನು ಯಾರೂ ವಾಪಸು ತೆಗೆದುಕೊಳ್ಳುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮಿ ಎಷ್ಟು ಕೆದಕಿದರೂ ಅಬ್ಬಾ ಬಾಯಿಬಿಡುತ್ತಿರಲಿಲ್ಲ. "ಕೈಗೆ ಗೊತ್ತು ಕಣೇ, ಬಾಯಿಗೆ ಗೊತ್ತಿಲ್ಲ" ಎಂದು ನಗುತ್ತಿದ್ದರು. (ನಮ್ಮ ಮನೆಯ ಮಾತು ಉರ್ದು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.) ನಮಗೆ ಹೊಲವಿರಲಿಲ್ಲ, ಚರಕವಿರಲಿಲ್ಲ, ಇದ್ದ ಮನೆಯೂ ಬಾಡಿಗೆಯದು. ಆ ಕೈಯನ್ನು ಗಲ್ಲಿ ನಂಬುತ್ತಿತ್ತು, ಅದರಿಂದ ನಾವು ಊಟ ಮಾಡುತ್ತಿದ್ದೆವು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕಬಳ್ಳಾಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೆಂದ ಗೂಡಿನ ಹುಳದ ವಾಸನೆ ಎಂಥದ್ದು ಎಂದು ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ, ಗೊತ್ತಿಲ್ಲದವರು ಪುಣ್ಯವಂತರು. ಎಷ್ಟು ಸೋಪು ಹಚ್ಚಿದರೂ ಗಲ್ಲಿಯ ಆ ವಾಸನೆ ದುಪಟ್ಟಾದಲ್ಲಿ ಕೂತೇ ಇರುತ್ತಿತ್ತು. ಪಕ್ಕದ ಹುಡುಗಿಯರು ಮೆಲ್ಲಗೆ ಬೆಂಚಿನ ಆ ತುದಿಗೆ ಸರಿಯುತ್ತಿದ್ದರು. ಒಂದು ದಿನ ಅರ್ಥಶಾಸ್ತ್ರದ ಮೇಷ್ಟ್ರು ಅದನ್ನು ನೋಡಿದರು. ಅವರು ನಂದಿ ಕಡೆಯವರು, ದ್ರಾಕ್ಷಿ ತೋಟದ ಮನೆತನ, ಮಾತಿನಲ್ಲಿ ಭಾರಿ ಚುರುಕು. "ಏನ್ರಮ್ಮಾ, ಮದುವೆಗೆ ರೇಷ್ಮೆ ಸೀರೆ ಬೇಡ ಅನ್ನೋರು ಮಾತ್ರ ಮೂಗು ಮುಚ್ಕೊಳ್ಳಿ" ಎಂದರು. ಇಡೀ ತರಗತಿ ನಕ್ಕಿತು. ಸರಿದಿದ್ದವರು ಮತ್ತೆ ಇತ್ತ ಸರಿದರು. ಅವತ್ತಿನಿಂದ ಆ ಮನುಷ್ಯ ಬಾವಿಗೆ ಹಾರು ಅಂದಿದ್ದರೂ ಹಾರುತ್ತಿದ್ದೆ. ಹಾರಿಸಿದರು ಕೂಡ, ಅದು ಆಮೇಲಿನ ಕಥೆ.

ನಾನು ಎಂ.ಎ. ಮುಗಿಸುವಷ್ಟರಲ್ಲಿ ಮೇಷ್ಟ್ರು ಕೆಲಸ ಬಿಟ್ಟು ಚಿಕ್ಕಬಳ್ಳಾಪುರದಲ್ಲಿ ಒಂದು ಸಂಸ್ಥೆ ಶುರುಮಾಡಿದ್ದರು. ಬಜಾರಿನ ಹಿಂದೆ, ಔಷಧಿ ಅಂಗಡಿಯ ಮೇಲೆ ಎರಡು ಕೋಣೆ. ಕರೆದು ಕೆಲಸ ಕೊಟ್ಟರು. ಹವಾಮಾನದ ಕೆಲಸ ಎಂದರು. ರೇಡಿಯೋದವರು ಮಳೆ ಎಂದ ದಿನ ಬಟ್ಟೆ ಒಗೆದು ಹಾಕುವ ಊರಿನಿಂದ ಬಂದ ನನಗೆ ಹವಾಮಾನದಲ್ಲಿ ಸಂಬಳವೂ ಇರುತ್ತದೆ ಎಂದು ಗೊತ್ತಿರಲಿಲ್ಲ. ಮೇಷ್ಟ್ರು ಬಿಡಿಸಿ ಹೇಳಿದರು. ಶ್ರೀಮಂತ ದೇಶಗಳ ಕಾರ್ಖಾನೆಯ ಹೊಗೆಯಿಂದ ಭೂಮಿ ಕಾಯುತ್ತಿದೆ. ಅಲ್ಲಿ ಹೊಗೆ ಕಡಿಮೆ ಮಾಡುವುದು ಅವರಿಗೆ ದುಬಾರಿ. ಇಲ್ಲಿ, ನಮ್ಮಂಥ ಕಡೆ, ಅಗ್ಗ. ಹಾಗಾಗಿ ಅವರು ದುಡ್ಡು ಕೊಡುತ್ತಾರೆ, ನಾವು ಹೊಗೆ ಉಳಿಸುತ್ತೇವೆ, ಉಳಿದ ಹೊಗೆಯ ಹೆಸರು ಅವರಿಗೆ. ಆಗಿನ್ನೂ ಇದೆಲ್ಲ ಪ್ರಯೋಗದ ಹಂತದಲ್ಲಿತ್ತು. ಯಾರ ದುಡ್ಡು, ಯಾರಿಗೆ, ಯಾವ ಷರತ್ತಿಗೆ ಎಂದು ದೇಶದೇಶಗಳು ಕೂತು ಜಗ್ಗಾಡುತ್ತಿದ್ದವು.

"ದಲ್ಲಾಳಿ ಕೆಲಸ ಅನ್ನಿ ಸರ್" ಎಂದೆ.

"ಅನ್ಬಾರ್ದು ಕಣಮ್ಮ. ಹವಾಮಾನ ಹಣಕಾಸು ಅನ್ಬೇಕು" ಎಂದು ಅವರು ಜೋರಾಗಿ ನಕ್ಕರು.

ಹೊಗೆ ಎಂದಕೂಡಲೇ ನನಗೆ ನೆನಪಾಗಿದ್ದು ನಮ್ಮ ಗಲ್ಲಿ. ಗೂಡು ಬೇಯಿಸುವ ಮಣ್ಣಿನ ಒಲೆಗಳು ಸೌದೆ ತಿನ್ನುತ್ತಿದ್ದ ರೀತಿಗೆ ಲೆಕ್ಕವಿರಲಿಲ್ಲ. ಹೊಗೆಕೊಳವೆ ಇಲ್ಲ, ಕಿಟಕಿ ಇಲ್ಲ. ಬಿಸಿನೀರಿಗೆ ಕೈಯದ್ದಿ ಎಳೆ ಹುಡುಕುತ್ತಿದ್ದ ಹೆಂಗಸರ ಬೆರಳು ಬಿಳುಚಿ ಸುಕ್ಕಾಗಿರುತ್ತಿದ್ದವು, ಕಣ್ಣು ಕೆಂಪಾಗಿರುತ್ತಿದ್ದವು. ಅಮ್ಮಿ ಮದುವೆಗೆ ಮುಂಚೆ ತವರಿನಲ್ಲಿ ಇದೇ ಕೆಲಸ ಮಾಡಿದವರು, ಆ ಕೆಮ್ಮು ಅವರನ್ನು ಬಿಟ್ಟಿರಲೇ ಇಲ್ಲ. ಕಡಿಮೆ ಸೌದೆಗೆ ಹೆಚ್ಚು ಕಾವು ಕೊಟ್ಟು, ಹೊಗೆಯನ್ನು ಸೂರಿನ ಆಚೆ ಕಳಿಸುವ ಇಟ್ಟಿಗೆ ಒಲೆಯೊಂದನ್ನು ಅಷ್ಟರಲ್ಲಿ ಯಾರೋ ಇಂಜಿನಿಯರುಗಳು ಮಾಡಿದ್ದರು. ಗಲ್ಲಿಗೆಲ್ಲ ಆ ಒಲೆ ಹಾಕಿಸೋಣ, ಉಳಿಸಿದ ಹೊಗೆಗೆ ಸಿಗುವ ದುಡ್ಡಿನ ಪಾಲು ಒಲೆಯ ಮುಂದೆ ಕೂತವರಿಗೇ ಬರಲಿ ಎಂದು ನಾನು ಮೇಷ್ಟ್ರಿಗೆ ಹೇಳಿದೆ. ಅವರು ಒಪ್ಪಿದರು. ಮೊದಲ ಒಲೆಯನ್ನು ದೊಡ್ಡ ಮಾಮು ಮನೆಯಲ್ಲಿ ಕಟ್ಟಿಸಿದೆವು. ದೊಡ್ಡ ಮಾಮು ಅಮ್ಮಿಯ ಅಣ್ಣ, ನೂಲು ಬಿಚ್ಚುವ ರೀಲರುಗಳಲ್ಲಿ ಗಲ್ಲಿಗೇ ಹಿರಿಯರು, ಬೇರೆಯವರು ಅವರ ನೂಲು ನೋಡಿ ತಮ್ಮ ನೂಲು ತಿದ್ದಿಕೊಳ್ಳುತ್ತಿದ್ದರು. ಹೊಸ ಒಲೆಯ ಮುಂದೆ ಕೂತು ಅವರು "ಮೊದಲ ಸಲ ನಿಮ್ಮ ಅತ್ತೆಯ ಮುಖ ನೆಟ್ಟಗೆ ಕಾಣ್ತಾ ಇದೆ. ಇದೇ ಕಷ್ಟ" ಎಂದರು. ಅತ್ತೆ ಕೈಯಲ್ಲಿದ್ದ ಜಾಲರಿ ಎತ್ತಿದರು. ಆ ಮಧ್ಯಾಹ್ನ ನನಗಾದಷ್ಟು ಸಂತೋಷ ಈ ವೃತ್ತಿಯಲ್ಲಿ ಮತ್ತೆಂದೂ ಆಗಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಯೂರೋಪಿನ ಒಂದು ಊರಲ್ಲಿ ದೊಡ್ಡ ಸಭೆ ಎಂದಾಯಿತು. ಮೇಷ್ಟ್ರ ಜೊತೆ ನಾನೂ ಹೋಗಬೇಕು. ಮದುವೆಯಾಗದ ಹುಡುಗಿ, ಅದೂ ಪರದೇಶಕ್ಕೆ, ಅದೂ ಪರಪುರುಷನ ಜೊತೆ! ನೆಂಟರಿಷ್ಟರು ನಮ್ಮ ಮನೆಗೆ ಬಂದು ಚಹಾ ಕುಡಿದು ಕುಡಿದು ಸಕ್ಕರೆ ಖಾಲಿ ಮಾಡಿದರು. ಅಬ್ಬಾ ಎಲ್ಲರ ಮಾತೂ ಕೇಳಿಸಿಕೊಂಡು, ಕೊನೆಗೆ ಬಸ್ ಸ್ಟ್ಯಾಂಡಿನವರೆಗೆ ನನ್ನ ಪೆಟ್ಟಿಗೆ ತಾವೇ ಹೊತ್ತರು. ಅಲ್ಲಿ ಮೇಷ್ಟ್ರ ಕೈ ಹಿಡಿದು "ಸರ್, ಇವಳು ನಿಮ್ಮ ಮಗಳು" ಎಂದರು. ಮೇಷ್ಟ್ರು ತಮ್ಮ ಇನ್ನೊಂದು ಕೈಯನ್ನೂ ಅಬ್ಬಾನ ಕೈಮೇಲಿಟ್ಟು ಒತ್ತಿದರು. ವಿಮಾನದಲ್ಲಿ ಅವರು ಟವೆಲ್ಲಿನ ವಿಷಯ ಕೇಳಿದರು. ಯಾವ ಬೆರಳಿಗೆ ಏನರ್ಥ, ಅಂಗೈ ಒತ್ತಿದರೆ ಯಾಕೆ ಹಿಂದೆಗೆಯುವಂತಿಲ್ಲ, ಎಲ್ಲ ಹೇಳಿದೆ. ಕರವಸ್ತ್ರ ಹಾಸಿ ಮಾಡಿಯೂ ತೋರಿಸಿದೆ. ಅವರು ಅದನ್ನು ಅಲ್ಲಿನ ಪ್ರತಿ ಭಾಷಣದ ಮೊದಲಿಗೆ ಹೇಳಿದರು. "ನಮ್ಮ ಕಡೆ ನಂಬಿಕೆಗೆ ಕಾಗದ ಬೇಡ, ಒಂದು ಟವೆಲ್ಲು ಸಾಕು" ಎಂದಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಉಬ್ಬಿಹೋಗುತ್ತಿದ್ದೆ. ನನ್ನ ಅಬ್ಬಾನ ಟವೆಲ್ಲು ಎಲ್ಲಿಗೆ ಬಂತು ನೋಡಿ ಎಂದು.

ಆ ಸಭೆಗಳಲ್ಲಿ ಒಪ್ಪಿಗೆಯಾಗದ ಮಾತುಗಳಿಗೆ ಚೌಕಾಕಾರದ ಕಂಸ ಹಾಕಿಡುತ್ತಾರೆ. ಕಂಸ ಬಿಚ್ಚಿದರೆ ಮಾತು ಉಳಿಯಿತು, ಇಲ್ಲದಿದ್ದರೆ ಹೋಯಿತು. ನಮ್ಮ ಪ್ರಯೋಗದ ಒಪ್ಪಂದದಲ್ಲಿ ನಾನು ಬರೆದ ಒಂದೇ ಒಂದು ವಾಕ್ಯವಿತ್ತು: ಉಳಿಸಿದ ಹೊಗೆಯ ಪ್ರಯೋಜನ ಬೆಂಕಿಯ ಮುಂದೆ ಕೂತ ಮನೆಗೆ ಸೇರಬೇಕು. ಅದರ ಸುತ್ತ ಕಂಸ. ಅದಕ್ಕಾಗಿ ನಾನು ಕಾಣಿಸಿದವರನ್ನೆಲ್ಲ ಹಿಡಿದು ಮಾತಾಡಿದೆ. ಸ್ವೆಟರಿನೊಳಗಿಂದ ಹುಳದ ವಾಸನೆ ಬರುತ್ತಿದೆಯೇನೋ ಎಂದು ಅಳುಕುತ್ತಲೇ ಮಾತಾಡಿದೆ. ಕೊನೆಗೆ ದುಡ್ಡು ಕೊಡುವ ದೇಶದ ಅಧಿಕಾರಿ, ನರೆಗೂದಲಿನ ಗಂಭೀರ ಹೆಂಗಸು, ಮೊಗಸಾಲೆಯಲ್ಲಿ ನನ್ನ ಮಾತು ಪೂರ್ತಿ ಕೇಳಿದರು. ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದು ಅಂಗೈಯನ್ನು ಗಟ್ಟಿಯಾಗಿ ಒತ್ತಿ, ಆಯಿತು ಎಂದುಕೋ ಎಂದರು. ನನ್ನ ಮೈ ಜುಮ್ಮೆಂದಿತು. ಅಂಗೈ ಒತ್ತಿದ್ದಾರೆ! ಶಿಡ್ಲಘಟ್ಟದವಳಿಗೆ ಅದಕ್ಕಿಂತ ಹೆಚ್ಚೇನು ಬೇಕು? ಪಕ್ಕದಲ್ಲೇ ಇದ್ದ ಮೇಷ್ಟ್ರ ಮುಖ ನೋಡಿದೆ.

"ಆಯ್ತಲ್ಲಮ್ಮ, ಮುಗೀತು. ಊಟ ಮಾಡಣ ನಡಿ" ಎಂದರು.

ಆ ಹೆಂಗಸನ್ನು ನಾನು ಎಂದೋ ಕ್ಷಮಿಸಿದ್ದೇನೆ. ಅವರ ದೇಶದಲ್ಲಿ ಕೈ ಒತ್ತಿದರೆ ಅದು ಬರೀ ಪ್ರೀತಿ. ಮೇಷ್ಟ್ರಿಗೆ ನಮ್ಮ ಕಡೆಯ ಅರ್ಥ ಗೊತ್ತಿತ್ತು. ಕರವಸ್ತ್ರ ಹಾಸಿ ನಾನೇ ಕಲಿಸಿದ್ದೆ.

ವಾಪಸು ಬಂದ ವಾರವೇ ಮೇಷ್ಟ್ರು ಹೇಳಿದರು: "ಗಲ್ಲೀಲಿ ಹಳೇ ಒಲೆ ಒಡೆಸ್ಬಿಡಮ್ಮ. ಹೊಸದಕ್ಕೆ ಜಾಗ ಸಿದ್ಧ ಇರ್ಬೇಕು. ಒಡೆಯೋವಾಗ ಫೋಟೋ ತೆಗೆಸಣ, ಜನ ತಾವಾಗೇ ಮುಂದೆ ಬಂದ್ರು ಅಂತ ತೋರಿಸ್ಬೋದು."

ಗಲ್ಲಿಯವರು ಹಿಂಜರಿದರು. ಒಲೆ ಒಡೆಯುವುದೆಂದರೆ ತಮಾಷೆಯಲ್ಲ, ಮನೆಯ ಅನ್ನ ಅದರ ಮೇಲಿತ್ತು. ಹೊಸ ಒಲೆ ಬಂದ ಮೇಲೆ ಹಳೆಯದು ಒಡೆಯೋಣ ಎಂದರು, ನ್ಯಾಯವಾದ ಮಾತೇ. ನಾನು ಅಂಗೈ ಒತ್ತಿದ ಕಥೆ ಹೇಳಿದೆ. ಅಬ್ಬಾ "ಗಟ್ಟಿಯಾಗಿ ಒತ್ತಿದರಾ?" ಎಂದು ಕೇಳಿದರು. ಹೌದು ಎಂದೆ. "ನಿಮ್ಮ ಮೇಷ್ಟ್ರು ನೋಡಿದರಾ?" ನೋಡಿದರು ಎಂದೆ. ಅಷ್ಟೇ. ಶುಕ್ರವಾರದ ನಮಾಜು ಮುಗಿಸಿ ಬಂದ ಅಬ್ಬಾ ಹೆಗಲ ಟವೆಲ್ಲು ತೆಗೆದು ಗಲ್ಲಿಯ ಆ ತುದಿಯಿಂದ ಈ ತುದಿಗೆ ಹೊರಟರು. ಒಂದೊಂದು ಬಾಗಿಲಲ್ಲೂ ನಿಂತು, ಟವೆಲ್ಲು ಇಳಿಬಿಟ್ಟು, ಆ ಮನೆಯ ಹಿರಿಯರ ಅಂಗೈಗೆ ತಮ್ಮ ಅಂಗೈ ಒತ್ತಿದರು. ಗಂಡಸರಿಲ್ಲದ ಮನೆಯಲ್ಲಿ ಟವೆಲ್ಲಿನ ತುದಿಯನ್ನು ಅಜ್ಜಿಯ ಕೈಗೆ ಕೊಟ್ಟು, ಈ ತುದಿಯನ್ನು ತಾವು ಹಿಡಿದರು. ಭಾನುವಾರ ಗುದ್ದಲಿ ಸದ್ದು ಶುರುವಾಯಿತು. ಫೋಟೋದವನು ಬಂದ. ಮಸಿ ಹಿಡಿದ ಮಣ್ಣಿನ ಹೆಂಟೆಗಳ ನಡುವೆ ನಮ್ಮ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಾ ನಿಂತರು.

ದೊಡ್ಡ ಮಾಮು ಮನೆಯ ಆ ಒಂದನ್ನು ಬಿಟ್ಟು ಇನ್ನೊಂದು ಹೊಸ ಒಲೆ ಬರಲಿಲ್ಲ. ಮುಂದಿನ ತಿಂಗಳು ಎಂದರು ಮೇಷ್ಟ್ರು. ಆ ತಿಂಗಳು ಬಂದರೆ ಅದರ ಮುಂದಿನದು. ಜನ ಮೂರು ಕಲ್ಲು ಹೂಡಿ ಗೂಡು ಬೇಯಿಸಿದರು. ಕಾವು ಒಂದೇ ಸಮ ನಿಲ್ಲದೆ ಎಳೆ ಎಲ್ಲೋ ದಪ್ಪ ಎಲ್ಲೋ ಸಣ್ಣ ಬಂತು. ವ್ಯಾಪಾರಿಗಳು ನೂಲನ್ನು ಬೆಳಕಿಗೆ ಹಿಡಿದು ನೋಡಿ ಮೂಗು ಮುರಿದರು. ಹಳೆಯ ಒಲೆಯನ್ನೇ ಮತ್ತೆ ಕಟ್ಟಿಕೊಳ್ಳೋಣ ಎಂದವರನ್ನು ಅಬ್ಬಾ ತಡೆದರು. "ನನ್ನ ಕೈ ಇದೆಯಲ್ಲ" ಎಂದರು. ನಾನು ವಾರವಾರ ಮೇಷ್ಟ್ರ ಮೇಜಿನ ಮುಂದೆ ನಿಲ್ಲುತ್ತಿದ್ದೆ. ಅವರು ಕಾಫಿ ತರಿಸಿ, "ಅಂತರರಾಷ್ಟ್ರೀಯ ವ್ಯವಹಾರ ಕಣಮ್ಮ, ನಮ್ಮೂರ ಸಂತೆ ಅಲ್ಲ" ಎಂದು ಸಮಾಧಾನ ಹೇಳುತ್ತಿದ್ದರು. ನಾನು ಸಮಾಧಾನ ಮಾಡಿಕೊಂಡು ಬಸ್ಸು ಹತ್ತುತ್ತಿದ್ದೆ. ಗಲ್ಲಿಯಲ್ಲಿ ಎದುರಾದವರು ಒಲೆಯ ವಿಷಯ ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದರು, ಅದೇ ಹೆಚ್ಚು ಚುಚ್ಚುತ್ತಿತ್ತು.

ಮುಂದಿನ ವರ್ಷದ ಸಭೆಯಲ್ಲಿ ಮೇಷ್ಟ್ರು ಸ್ಲೈಡು ಹಾಕಿ ತೋರಿಸಿದರು. ದೊಡ್ಡ ಪರದೆಯ ಮೇಲೆ ನಮ್ಮ ಗಲ್ಲಿ, ಒಡೆದ ಒಲೆಗಳು, ಅತ್ತೆಯ ನಗು. ಜನ ಹಳೆಯದನ್ನು ಬಿಡಲು ಸಿದ್ಧರಿದ್ದಾರೆ ಎಂದರು. ಹೊಸದು ಬಂದಿಲ್ಲ ಎನ್ನಲಿಲ್ಲ. ಚಪ್ಪಾಳೆ ಬಿತ್ತು. ಚಹಾದ ಹೊತ್ತಿಗೆ ಆ ನರೆಗೂದಲಿನ ಅಧಿಕಾರಿ ನನ್ನನ್ನು ಗುರುತು ಹಿಡಿದು ಬಂದರು. ಇಷ್ಟು ದಿನವಾದರೂ ಒಲೆ ಯಾಕೆ ಬರಲಿಲ್ಲ ಎಂದು ಕೇಳಿದೆ. ಅವರು ನಿಜಕ್ಕೂ ಬೆರಗಾದರು. "ಒಲೆಯನ್ನು ನಿಮ್ಮ ನಿರ್ದೇಶಕರೇ ಕೈಬಿಟ್ಟರಲ್ಲ? ನಾವು ಮಾತಾಡಿದ ದಿನ ಸಂಜೆಯೇ. ಬದಲಿಗೆ ಗಿಡ ನೆಡುವ ಯೋಜನೆ ಕೇಳಿದರು. ನಿನಗೆ ಹೇಳಲಿಲ್ಲವೇ?" ಎಂದರು.

ಗೌರಿಬಿದನೂರು ಕಡೆ ಸಂಸ್ಥೆಯವರು ನೀಲಗಿರಿ ನೆಡಿಸುತ್ತಿದ್ದುದು ನನಗೆ ಗೊತ್ತಿತ್ತು. ಅದು ಬೇರೆ ದುಡ್ಡು ಎಂದುಕೊಂಡಿದ್ದೆ. ಅದು ನಮ್ಮ ಒಲೆಗಳ ದುಡ್ಡು. ಅಂದರೆ "ಮುಗೀತು" ಎಂದು ನನ್ನನ್ನು ಊಟಕ್ಕೆ ಕರೆದ ದಿನವೇ ಮೇಷ್ಟ್ರು ಒಲೆಯನ್ನು ಕೈಬಿಟ್ಟಿದ್ದರು. ಅದಾದ ಮೇಲೆ, ಎಲ್ಲ ಗೊತ್ತಿದ್ದೂ, ನನ್ನ ಕೈಲಿ ಹಳೆಯ ಒಲೆ ಒಡೆಸಿದರು. ಜನ ತಮ್ಮ ಜೊತೆಗಿದ್ದಾರೆ ಎಂದು ತೋರಿಸಲು ಫೋಟೋ ಬೇಕಿತ್ತು, ಅದಕ್ಕೆ. ಕೈಯಲ್ಲಿದ್ದ ಚಹಾ ಕುಡಿಯಲಾರದೆ, ಇಡಲು ಜಾಗವೂ ತೋಚದೆ, ಹಿಡಿದುಕೊಂಡೇ ಅವರನ್ನು ಹುಡುಕಿದೆ. ಕೋಟು ತೊಡುತ್ತಿದ್ದರು.

"ಯಾಕ್ ಸರ್ ಹಿಂಗ್ ಮಾಡಿದ್ರಿ?"

ಅವರು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು. "ನೋಡಮ್ಮ, ಒಲೆ ಅಂದ್ರೆ ಒಬ್ಬೊಬ್ರ ಅಡಿಗೆಮನೆ ಒಳಗೆ ಹೋಗಿ ಲೆಕ್ಕ ತೋರಿಸ್ಬೇಕು. ಮರ ಆದ್ರೆ ಕಾರಲ್ಲಿ ಕೂತೇ ತೋರಿಸ್ಬೋದು. ದುಡ್ಡು ಕೊಡೋರಿಗೆ ಅದೇ ಬೇಕು. ಒಂದು ಬಿಟ್ರೆ ಇನ್ನೊಂದು ಸಿಗತ್ತೆ, ಮಾತುಕತೆ ಅಂದ್ರೆ ಅದೇ ಅಲ್ವಾ?"

"ಬಿಟ್ಟಿದ್ದು ಯಾರದ್ದು ಸರ್?"

ಅವರು ಕೋಟಿನ ಗುಂಡಿ ಹಾಕಿಕೊಂಡರು. "ನಿನಗೆ ಮೊದ್ಲೇ ಹೇಳಿದ್ರೆ ಗಲ್ಲಿಯೋರು ಒಪ್ತಿರ್ಲಿಲ್ಲ. ನೀನು ನಂಬಿದ್ದಕ್ಕೇ ಅವರು ನಂಬಿದ್ದು. ಬೇಜಾರ್ ಮಾಡ್ಕೋಬೇಡ, ಮುಂದೆ ಏನಾದ್ರೂ ಮಾಡಣ" ಎಂದು ಬೆನ್ನು ತಟ್ಟಿದರು. ನಾಲ್ಕು ಜನರೆದುರು ನನ್ನ ಮರ್ಯಾದೆ ಉಳಿಸಿದ್ದ ಮನುಷ್ಯ. ಅದೇ ಬಾಯಿ, ಅದೇ ಚುರುಕು. ನನಗೆ ಅವರ ಮೇಲೆ ಕೋಪ ಬರುವ ಮೊದಲು ನಾಚಿಕೆಯಾಯಿತು. ಇಷ್ಟು ವರ್ಷ ನಾನು ಇವರಿಗೆ ಶಿಷ್ಯೆ ಎಂದುಕೊಂಡಿದ್ದೆ, ಅವರಿಗೆ ನಾನು ಟವೆಲ್ಲಾಗಿದ್ದೆ. ಕೋಪ ಆಮೇಲೆ ಬಂತು. ಈಗಲೂ ಹೋಗಿಲ್ಲ, ಹೋಗಲಿ ಎಂದು ನನಗೆ ಅನಿಸಿಯೂ ಇಲ್ಲ. ಅದೇ ವರ್ಷ ಅವರಿಗೆ ಹೊರದೇಶದಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ನಾನು ಬೆಂಗಳೂರಿನ ಬೇರೊಂದು ಕಚೇರಿ ಸೇರಿ ಇದೇ ಕೆಲಸದಲ್ಲಿ ಉಳಿದೆ. ಬಿಟ್ಟು ಬರಬೇಕಿತ್ತು ಎಂದು ಕೆಲವರು ಹೇಳುತ್ತಾರೆ. ಆ ಮೇಜಿನ ಮುಂದೆ ನಮ್ಮ ಗಲ್ಲಿಯವಳೊಬ್ಬಳು ಕೂತಿರದಿದ್ದರೆ ಇನ್ನಷ್ಟು ಗಲ್ಲಿಗಳ ಒಲೆ ಒಡೆಯುತ್ತಾರೆ ಎಂಬ ಹಟ ನನ್ನದು.

ಊರಿಗೆ ಬಂದು ಅಬ್ಬಾನಿಗೆ ಎಲ್ಲ ಹೇಳಿದೆ. ಅವರು ಗೋಡೆಗೆ ಒರಗಿ ಕೂತಿದ್ದರು. ಮೇಷ್ಟ್ರನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. "ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈಯನ್ನೂ ಒತ್ತಿದ್ದರಲ್ಲ" ಎಂದು ಮಾತ್ರ ಹೇಳಿದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿ, ಒಂದೊಂದು ಮನೆಗೂ ಹೋಗಿ, ಒಲೆ ಬರುವುದಿಲ್ಲ, ಕಟ್ಟಿಕೊಳ್ಳಿ ಎಂದು ಹೇಳಿ ಬಂದರು. ಯಾರೂ ಜಗಳಕ್ಕೆ ಬರಲಿಲ್ಲವಂತೆ. ಎಲ್ಲ ಮನೆಯಲ್ಲೂ ಕೂರಿ ಎಂದರಂತೆ.

ಒಲೆಗಳು ಮತ್ತೆ ಎದ್ದವು, ಹೊಗೆ ಮತ್ತೆ ಸೂರಿನೊಳಗೆ ತುಂಬಿತು. ಒಂದು ಬೆಳಿಗ್ಗೆ ಚಿಂತಾಮಣಿಯ ವ್ಯಾಪಾರಿ ಬಂದ. ತೆಲುಗಿನವನು, ಅಬ್ಬಾನಿಗೆ ಹಳೆಯ ಪರಿಚಯ. ದೊಡ್ಡ ಮಾಮು ಬಾಗಿಲಲ್ಲಿ ಹೊಳೆಯುವ ನೂಲಿನ ಲಡಿಗಳನ್ನು ಇಟ್ಟುಕೊಂಡು ಕೂತಿದ್ದರು. ನಾನು ರಜೆಗೆ ಬಂದಿದ್ದೆ, ನಮ್ಮ ಕಿಟಕಿಯಿಂದ ನೋಡುತ್ತಿದ್ದೆ. ಅಬ್ಬಾ ಮೊದಲು ವ್ಯಾಪಾರಿಯ ಕೈ ಹಿಡಿದು ಮುಗಿಸಿದರು. ಆಮೇಲೆ ದೊಡ್ಡ ಮಾಮು ಕಡೆ ತಿರುಗಿ, ಟವೆಲ್ಲು ಸರಿಮಾಡಿಕೊಂಡು ಕೈ ಚಾಚಿದರು.

ದೊಡ್ಡ ಮಾಮು ತಮ್ಮ ಕೈಯನ್ನು ಮಡಿಲಿನಿಂದ ಎತ್ತಲಿಲ್ಲ.

"ಬಾಯಲ್ಲೇ ಹೇಳಿ ಭಾಯ್" ಎಂದರು. "ಎಲ್ರಿಗೂ ಕೇಳ್ಲಿ."

ಉರ್ದುವಿನಲ್ಲಿ ಹೇಳಿದ್ದರೆ ಮನೆಯ ಮಾತಾಗುತ್ತಿತ್ತು. ಅವರು ಕನ್ನಡದಲ್ಲಿ ಹೇಳಿದರು, ವ್ಯಾಪಾರಿಗೂ ತಿಳಿಯುವ ಹಾಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ವ್ಯಾಪಾರಿ ಮುಖ ಪೆಚ್ಚಾಗಿ, "ಎಂದುಕು ಇದಂತಾ" ಎಂದು ಗೊಣಗಿ ಇದೆಲ್ಲ ಯಾಕೆ ಎಂಬಂತೆ ಬೇರೆ ಕಡೆ ನೋಡಿದ. ಅಕ್ಕಪಕ್ಕದ ಬಾಗಿಲುಗಳಲ್ಲಿ ಚರಕಗಳು ನಿಂತವು.

ಅಬ್ಬಾನ ಕೈ ಸ್ವಲ್ಪ ಹೊತ್ತು ಟವೆಲ್ಲಿನ ಕೆಳಗೆ ಹಾಗೇ ಇತ್ತು. ಆಮೇಲೆ ಟವೆಲ್ಲು ತೆಗೆದರು, ಮಡಿಸಿದರು, ಹೆಗಲ ಮೇಲೆ ಹಾಕಿಕೊಂಡರು. ಗಂಟಲು ಸರಿಮಾಡಿಕೊಂಡು, ಗಲ್ಲಿಗೆಲ್ಲ ಕೇಳುವ ಹಾಗೆ ಬೆಲೆ ಹೇಳಿದರು. ನಾನು ಕಿಟಕಿಯ ಕದ ಹಾಕುವಷ್ಟರಲ್ಲಿ ನನಗೂ ಕೇಳಿಸಿತು.